ಹುಟ್ಟಿನಿಂದ ಬಾರದ ಕವಚ

ಕರ್ಣನು ತನ್ನ ಮೈಗಂಟಿ ಬಂದ ಕವಚವನ್ನು ತಾನೇ ಕೊಯ್ದು ತೆಗೆದು ಇಂದ್ರನ ಕೈಗಿತ್ತ ಪ್ರಸಂಗವನ್ನು ಪಾಠ ಹೇಳದ ಕನ್ನಡ ಮೇಷ್ಟರು ನಮ್ಮ ನಾಡಿನಲ್ಲಿ ಇರಲಾರರು. ನಾನೂ ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕೊಡುವವನ ಹಿರಿಮೆ, ಬೇಡುವವನ ಕಿರಿತನ, ಮಗನಿಗಾಗಿ ಕಪಟವೇಷ ತೊಟ್ಟ ಒಬ್ಬ ತಂದೆ, ಮಗನನ್ನು ಎಚ್ಚರಿಸಿಯೂ ಉಳಿಸಿಕೊಳ್ಳಲಾರದ ಇನ್ನೊಬ್ಬ ತಂದೆ, ಇವನ್ನೆಲ್ಲ ವಿಸ್ತರಿಸಿ ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅಧ್ಯಾಪಕನಿಗೂ ತೃಪ್ತಿ, ವಿದ್ಯಾರ್ಥಿಗಳಿಗೂ ಬಿಡುಗಡೆ.

ಹೋದ ವರ್ಷ ಮಾತ್ರ ಹಾಗಾಗಲಿಲ್ಲ. ಬಾಗಿಲ ಪಕ್ಕದ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲನೆ ಎದ್ದು ನಿಂತು, “ಸಾರ್, ಕವಚ ಕೊಯ್ದ ಮೇಲೆ ಕರ್ಣನ ರಕ್ತ ತಾನಾಗಿಯೇ ನಿಂತಿತೇ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲವಾದರೂ, ಒಂದು ಕ್ಷಣ ತಬ್ಬಿಬ್ಬಾದೆನೆಂಬುದನ್ನು ಒಪ್ಪಿಕೊಳ್ಳಬೇಕು. ಆಮೇಲೆ ವ್ಯಾಸಭಾರತದಲ್ಲಿ ಕರ್ಣನು ತನ್ನ ಮೈ ವಿಕಾರವಾಗದಿರಲೆಂದು ಕೇಳಿಕೊಂಡದ್ದನ್ನೂ, ಇಂದ್ರನು ಅದಕ್ಕೆ ಒಪ್ಪಿದ್ದನ್ನೂ ನೆನಪಿಗೆ ತಂದುಕೊಂಡು ಹೇಳಿದೆ. “ಹಾಗಾದರೆ ಸರಿ” ಎಂದು ಹುಡುಗ ಕುಳಿತುಕೊಂಡ. ಆ “ಹಾಗಾದರೆ ಸರಿ” ಎಂಬ ಮಾತಿನಲ್ಲಿದ್ದ ಗಾಂಭೀರ್ಯ ನನ್ನನ್ನು ದಿನವಿಡೀ ಕಾಡಿತು. ಸಂಜೆ ಅವನೇ ಅಧ್ಯಾಪಕರ ಕೊಠಡಿಗೆ ಬಂದ. ಬಲಗಾಲನ್ನು ತುಸು ಎಳೆದು ಹಾಕುತ್ತಿದ್ದ. ಜೇಬಿನಿಂದ ನಾಲ್ಕಾಗಿ ಮಡಿಸಿದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಮುಂದಿಟ್ಟು, “ಇದು ನಿಜವೇ ಸಾರ್?” ಎಂದ. ಚರ್ಮದ ಮೂಲಕ ರಕ್ತಸ್ರಾವದ ಆನುವಂಶಿಕ ವ್ಯಾಧಿಗೆ ಪರಿಹಾರ ದೊರೆಯಿತೆಂಬ ಅರ್ಥದ ತಲೆಬರಹ. ಕೆಳಗೆ ಹತ್ತು ಸಾಲು.

ಪಂಪ, ರನ್ನ, ಕುಮಾರವ್ಯಾಸರ ವಿಷಯದಲ್ಲಿ ಏನಾದರೂ ಕೇಳಿದ್ದರೆ ಅಲ್ಲಿಯೇ ಹೇಳಿಬಿಡುತ್ತಿದ್ದೆ. ಇದಕ್ಕೆ “ನೋಡಿ ಹೇಳುತ್ತೇನೆ” ಎನ್ನಬೇಕಾಯಿತು. ನೋಡಲು ತಿಂಗಳುಗಳೇ ಹಿಡಿದವು. ವಿಜ್ಞಾನ ವಿಭಾಗದ ಸಹೋದ್ಯೋಗಿಗಳೂ, ವೈದ್ಯರಾದ ಒಬ್ಬ ಹಳೆಯ ಶಿಷ್ಯರೂ ಕೈಹಿಡಿದು ನಡೆಸದಿದ್ದರೆ ಈ ಬರಹವಿಲ್ಲ. ಕನ್ನಡ ಎಂ.ಎ. ಮಾಡಿದವನಿಗೆ ಇದರಲ್ಲಿ ಮಾತಾಡುವ ಅಧಿಕಾರವೇನೆಂದು ಕೇಳುವವರು ಕೇಳಲಿ. ಪ್ರಶ್ನೆ ನನ್ನ ತರಗತಿಯಲ್ಲಿ ಹುಟ್ಟಿತು. ಅಷ್ಟು ಅಧಿಕಾರ ಸಾಕು.

ವ್ಯಾಧಿಯ ಹೆಸರು ಹಿಮೋಫಿಲಿಯ. ಗ್ರೀಕಿನ ಎರಡು ಪದಗಳನ್ನು ಬೆಸೆದು ಕಟ್ಟಿದ ಈ ಹೆಸರಿಗೆ ‘ರಕ್ತಪ್ರೀತಿ’ ಎಂದು ಶಬ್ದಾರ್ಥ. ೧೮೨೮ರಲ್ಲಿ ಹೋಪ್ಫ್ ಎಂಬ ಜರ್ಮನ್ ವಿದ್ಯಾರ್ಥಿ ಬರೆದ ಪ್ರಬಂಧದಲ್ಲಿ ಇದು ಕಾಣಿಸಿಕೊಂಡಿತು. ಯಾರ ಪ್ರೀತಿ, ಯಾವ ಪ್ರೀತಿ ಎಂದು ಕೇಳಿದರೆ ಉತ್ತರವಿಲ್ಲ; ಪದಗಳನ್ನು ಕಟ್ಟುವಾಗ ವಿದ್ವಾಂಸರು ಎಲ್ಲ ಕಾಲದಲ್ಲಿಯೂ ಹೀಗೆ ಎಡವಿದ್ದಾರೆ. ನಮ್ಮ ಪತ್ರಿಕೆಗಳು ಇದನ್ನು ‘ಕುಸುಮರೋಗ’ವೆನ್ನುತ್ತವೆ. ಮುಟ್ಟಿದರೆ ಬಾಡುವ ಹೂವಿನಂತೆ ಮೈಯೆಂಬ ಭಾವವಿರಬೇಕು. ಕೇಳಲು ಇಂಪಾದ ಹೆಸರು, ಬದುಕಲು ಕಠಿನವಾದ ರೋಗ. ನನ್ನ ಹುಡುಗನಿಗೆ ಆ ಹೆಸರಿನ ಮೇಲೆ ಒಂದಿಷ್ಟೂ ಮೋಹವಿಲ್ಲ. “ಹೂವು ಎಂದರೆ ಮನೆಯಲ್ಲಿ ಕೂರಿಸುತ್ತಾರೆ ಸಾರ್” ಎಂದು ಒಮ್ಮೆ ಹೇಳಿದ.

ರಕ್ತವನ್ನು ಹೆಪ್ಪುಗಟ್ಟಿಸುವ ಕೆಲಸದಲ್ಲಿ ಹಲವು ಪ್ರೋಟೀನುಗಳು ಒಂದರ ಹಿಂದೊಂದು ಎಚ್ಚರಗೊಂಡು ಸರಪಣಿಯಾಗಿ ದುಡಿಯುತ್ತವೆ. ಅವುಗಳಲ್ಲಿ ಎಂಟನೆಯ ಅಂಶದ ಕೊರತೆಯಾದರೆ ಹಿಮೋಫಿಲಿಯ ‘ಎ’, ಒಂಬತ್ತನೆಯದರ ಕೊರತೆಯಾದರೆ ‘ಬಿ’. ಮೊದಲನೆಯದು ಹೆಚ್ಚು, ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು ಐದು ಸಾವಿರಕ್ಕೊಬ್ಬನಿಗೆ. ಎರಡನೆಯದು ಅದಕ್ಕಿಂತ ಬಹಳ ವಿರಳ. ಸಾಮಾನ್ಯ ಮಟ್ಟವನ್ನು ನೂರೆಂದು ಎಣಿಸಿದರೆ, ಒಂದಕ್ಕಿಂತಲೂ ಕಡಮೆ ಇರುವವರದು ತೀವ್ರ ವ್ಯಾಧಿ. ಒಂದರಿಂದ ಐದರವರೆಗೆ ಮಧ್ಯಮ. ಐದಕ್ಕೆ ಮೇಲ್ಪಟ್ಟು ನಲವತ್ತರ ಒಳಗೆ ಸೌಮ್ಯ. ಈ ಲೆಕ್ಕವನ್ನು ವಾಚಕರು ಮರೆಯಬಾರದು. ಮುಂದೆ ಇದರಿಂದಲೇ ಒಂದು ವಾದ ಹೊರಡಲಿದೆ.

ಕೈ ಕೊಯ್ದುಕೊಂಡರೆ ರಕ್ತ ಧಾರೆಗಟ್ಟಿ ಹರಿದು ಪ್ರಾಣ ಹೋಗುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಚರ್ಮದ ಮೇಲಿನ ಸಣ್ಣ ಗೀರನ್ನು ರಕ್ತದ ಕಿರುಬಿಲ್ಲೆಗಳು ಮುಚ್ಚಬಲ್ಲವು. ನಿಜವಾದ ಅಪಾಯ ಒಳಗಿನದು. ಮೊಣಕಾಲು, ಮೊಣಕೈ, ಕಾಲಿನ ಹರಡುಗಳಲ್ಲಿ ಹೊರಗೆ ಒಂದು ಹನಿಯೂ ಕಾಣದಂತೆ ರಕ್ತ ತುಂಬುತ್ತದೆ. ಕೀಲು ಉಬ್ಬಿ ಬಿಸಿಯಾಗುತ್ತದೆ. ಮತ್ತೆ ಮತ್ತೆ ಹೀಗಾದಾಗ ಒಳಗಿನ ಮೃದ್ವಸ್ಥಿ ಸವೆದು, ಇಪ್ಪತ್ತರ ಹುಡುಗನಿಗೆ ಎಪ್ಪತ್ತರ ಮೊಣಕಾಲು ಬರುತ್ತದೆ. ತಲೆಯೊಳಗೆ ಹಾಗಾದರೆ ಪ್ರಾಣಕ್ಕೇ ಕುತ್ತು. ರಕ್ತ ಕಾಣದಿರುವುದರಿಂದ ನೋಡುವವರಿಗೆ ನಂಬಿಕೆಯೂ ಬಾರದು. ನಮ್ಮ ತರಗತಿ ಮೇಲಂತಸ್ತಿನಲ್ಲಿತ್ತು. ಈ ಹುಡುಗ ವಾರದಲ್ಲಿ ಎರಡು ದಿನ ಗೈರುಹಾಜರಾಗುವುದನ್ನು ಸೋಮಾರಿತನವೆಂದು ಹಾಜರಿ ಪುಸ್ತಕದಲ್ಲಿ ಕೆಂಪು ಗೀಟೆಳೆದವನು ನಾನೇ. ಅವನು ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದುದು ಬೇಗ ಓಡಿಹೋಗಲು ಎಂದೇ ಭಾವಿಸಿದ್ದೆ. ಅಷ್ಟು ಮೆಟ್ಟಿಲು ಹತ್ತಿ ಬಂದ ಮೇಲೆ ಇನ್ನು ನಾಲ್ಕು ಹೆಜ್ಜೆ ಇಡಲಾರದೆ ಅಲ್ಲಿಯೇ ಕೂತನೆಂಬುದು ಹೊಳೆಯಲಿಲ್ಲ.

ವಂಶದ ಮಾತು ಬಂದಲ್ಲಿ ನಮ್ಮ ಸಮಾಜದ ನಾಲಗೆ ಹರಿತ. ಈ ದೋಷ ‘ಎಕ್ಸ್’ ವರ್ಣತಂತುವಿನಲ್ಲಿರುವುದರಿಂದ, ಎರಡು ‘ಎಕ್ಸ್’ ಉಳ್ಳ ತಾಯಿಯಲ್ಲಿ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ. ಒಂದೇ ‘ಎಕ್ಸ್’ ಪಡೆದ ಮಗನಿಗೆ ಕೆಟ್ಟದ್ದೇ ಬಂದರೆ ಬೇರೆ ಗತಿಯಿಲ್ಲ. ಪ್ರತಿ ಗಂಡುಮಗುವಿಗೂ ಅದು ಅರ್ಧಕ್ಕರ್ಧ ಸಂಭವ. ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ ೧೮೮೪ರಲ್ಲಿ ಇದರಿಂದ ತೀರಿಕೊಂಡ. ರಷ್ಯದ ರಾಜಕುಮಾರ ಅಲೆಕ್ಸಿಗೆ ಇದ್ದದ್ದು ‘ಬಿ’ ಬಗೆಯೆಂದು ೨೦೦೯ರಲ್ಲಿ ಎಲುಬುಗಳ ಪರೀಕ್ಷೆಯಿಂದ ಗೊತ್ತಾಯಿತು. ಚಕ್ರವರ್ತಿಗಳ ಮನೆಯಲ್ಲಿ ಅದು ಇತಿಹಾಸ. ನಮ್ಮ ಹಳ್ಳಿಯ ಮನೆಯಲ್ಲಿ ಅದು ತಾಯಿಯ ಪಾಪ. ತವರಿನಿಂದ ರೋಗ ತಂದವಳೆಂಬ ಮಾತನ್ನು ಈ ಹುಡುಗನ ತಾಯಿ ಇಪ್ಪತ್ತು ವರ್ಷ ಕೇಳಿದ್ದಾಳೆ. ಮೂರರಲ್ಲಿ ಒಂದು ಪಾಲು ಪ್ರಕರಣಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿದ್ದ ಸುಳಿವೇ ಇರುವುದಿಲ್ಲ, ವಂಶವಾಹಿಯಲ್ಲಿ ಹೊಸದಾಗಿ ಬಿದ್ದ ತಪ್ಪಿನಿಂದ ಬರುತ್ತದೆ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದಾಗ ಆಕೆ ಸುಮ್ಮನಿದ್ದಳು. ಇಪ್ಪತ್ತು ವರ್ಷ ತಡವಾಗಿ ಬಂದ ಮಾತಿಗೆ ಏನೆನ್ನಬೇಕು?

ಇನ್ನು ಚರ್ಮದ ವಿಷಯ. ಕೆಟ್ಟ ವಂಶವಾಹಿ ಇದ್ದಲ್ಲಿ ಸರಿಯಾದುದರ ಪ್ರತಿಯೊಂದನ್ನು ದೇಹದ ಕೆಲವು ಕೋಶಗಳಿಗೆ ಸೇರಿಸಿ, ಕೊರತೆಯಾದ ಪ್ರೋಟೀನನ್ನು ದೇಹವೇ ತಯಾರಿಸುವಂತೆ ಮಾಡುವುದು ಜೀನ್ ಚಿಕಿತ್ಸೆಯ ತಿರುಳು. ಯಾವ ಕೋಶ ಎಂಬುದೇ ಪ್ರಶ್ನೆ. ಹೆಪ್ಪುಗಟ್ಟಿಸುವ ಅಂಶಗಳ ಸಹಜವಾದ ತವರು ಯಕೃತ್ತು. ಆದರೆ ಅದು ಒಳಗಿನ ಅಂಗ. ಅಲ್ಲಿ ಏನಾಗುತ್ತಿದೆಯೆಂದು ಕಣ್ಣಾರೆ ಕಾಣಲಾಗದು, ತಪ್ಪಾದರೆ ಹಿಂದೆಗೆಯಲಾಗದು. ಚರ್ಮವೋ ಹೊರಗೇ ಇದೆ. ವಯಸ್ಕನಲ್ಲಿ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಹರವು. ಚಿಕ್ಕ ತುಂಡು ತೆಗೆದರೆ ಮತ್ತೆ ಬೆಳೆಯುತ್ತದೆ. ಪ್ರಯೋಗಶಾಲೆಯಲ್ಲಿ ಅದರ ಕೋಶಗಳನ್ನು ಲಕ್ಷಗಟ್ಟಲೆ ಬೆಳೆಸಬಹುದು, ತಿದ್ದಬಹುದು, ಪರೀಕ್ಷಿಸಿ ಮರಳಿ ನೆಡಬಹುದು. ನೆಟ್ಟದ್ದು ಕೆಟ್ಟರೆ ಕೊಯ್ದು ತೆಗೆಯಬಹುದು. ಚರ್ಮವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ವಿದ್ಯೆ ನಮ್ಮವರಿಗೆ ಹೊಸದೂ ಅಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ ಕವಾಸ್ಜಿ ಎಂಬ ಗಾಡಿಯಾಳಿಗೆ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ ಸಂಗತಿಯನ್ನು ೧೭೯೪ರ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರಸಹಿತವಾಗಿ ಅಚ್ಚಿಟ್ಟಿತು. ಹಾಗೆ ಮಾಡಿದವನ ಹೆಸರನ್ನು ಆ ಪತ್ರಿಕೆ ಜೋಪಾನ ಮಾಡಲಿಲ್ಲ, ನಾವೂ ಮಾಡಲಿಲ್ಲ.

ಪತ್ರಿಕೆಯ ತುಣುಕು ಇದನ್ನು ನಿನ್ನೆ ಮೊನ್ನೆಯ ಶೋಧವೆಂಬಂತೆ ಬರೆದಿತ್ತು. ನಿಜವಾಗಿ ಹಿಮೋಫಿಲಿಯಕ್ಕೆ ಮನುಷ್ಯರಲ್ಲಿ ನಡೆದ ಮೊಟ್ಟಮೊದಲ ಜೀನ್ ಚಿಕಿತ್ಸೆಯ ಪ್ರಯೋಗವೇ ಚರ್ಮದ್ದು. ೧೯೯೧ರಲ್ಲಿ ಶಾಂಘಾಯಿಯ ಫುದಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಬಿ’ ಬಗೆಯ ವ್ಯಾಧಿಯಿದ್ದ ಇಬ್ಬರು ಅಣ್ಣತಮ್ಮಂದಿರ ಚರ್ಮದಿಂದ ನಾರುಕೋಶಗಳನ್ನು ತೆಗೆದು, ವೈರಸ್ಸೊಂದರ ವಾಹನದಲ್ಲಿ ಒಂಬತ್ತನೆಯ ಅಂಶದ ವಂಶವಾಹಿಯನ್ನು ಅವುಗಳೊಳಗೆ ಕಳುಹಿಸಿ, ಬೆಳೆಸಿ, ಅವರ ಚರ್ಮದಡಿಗೇ ಚುಚ್ಚಿದರು. ಅಂಶದ ಮಟ್ಟ ಏರಿತು. ರಕ್ತಸ್ರಾವ ತುಸು ತಗ್ಗಿತು. ಆಮೇಲೆ ಬಾಸ್ಟನ್ನಿನಲ್ಲಿ ತೀವ್ರವಾದ ‘ಎ’ ಬಗೆಯ ಆರು ಜನರ ಮೇಲೆ ಪ್ರಯೋಗ ನಡೆದು, ೨೦೦೧ರಲ್ಲಿ ವರದಿಯಾಯಿತು. ಇಲ್ಲಿ ವೈರಸ್ಸಿನ ನೆರವಿಲ್ಲ. ತೋಳಿನ ಚರ್ಮದಿಂದ ತೆಗೆದ ಕೋಶಗಳಿಗೆ ವಿದ್ಯುತ್ತಿನ ಕ್ಷಣಿಕ ಹೊಡೆತ ಕೊಟ್ಟು, ಅವುಗಳ ಪೊರೆ ತೆರೆದಾಗ ವಂಶವಾಹಿಯನ್ನು ನುಗ್ಗಿಸಿದರು. ಸರಿಯಾಗಿ ಬೆಳೆದವನ್ನು ಆರಿಸಿ, ಹತ್ತು ಕೋಟಿಯಿಂದ ನಲವತ್ತು ಕೋಟಿ ಕೋಶಗಳವರೆಗೆ, ಹೊಟ್ಟೆಯೊಳಗಿನ ಕೊಬ್ಬಿನ ಮಡಿಕೆಯಲ್ಲಿಟ್ಟರು. ಗಂಡಾಂತರವೇನೂ ಆಗಲಿಲ್ಲ. ಆರರಲ್ಲಿ ನಾಲ್ವರಿಗೆ ಎಂಟನೆಯ ಅಂಶ ಏರಿತು. ಅತ್ಯಂತ ಹೆಚ್ಚು ಏರಿದ್ದು ಶೇಕಡ ನಾಲ್ಕಕ್ಕೆ. ಆತನಲ್ಲಿ ಅದರ ಗುಣ ಸುಮಾರು ಹತ್ತು ತಿಂಗಳು ನಿಂತಿತು. ಅನಂತರ ಇಳಿದುಹೋಯಿತು.

ನೂರಕ್ಕೆ ನಾಲ್ಕು! ಮೂವತ್ತೈದು ಬಾರದವರನ್ನು ಅನುತ್ತೀರ್ಣರೆಂದು ಬರೆದು ಅಭ್ಯಾಸವಾದ ನನ್ನಂಥವನಿಗೆ ಮೊದಲು ನಗೆಯೇ ಬಂತು. ಆದರೆ ಹಿಂದೆ ಹೇಳಿದ ಲೆಕ್ಕವನ್ನು ನೆನೆಯಿರಿ. ಒಂದರ ಕೆಳಗಿರುವವನು ನಾಲ್ಕಕ್ಕೆ ಬಂದರೆ ತೀವ್ರದಿಂದ ಮಧ್ಯಮಕ್ಕೆ ಬಂದಂತೆ. ಯಾವ ಪೆಟ್ಟೂ ಇಲ್ಲದೆ ನಡುರಾತ್ರಿಯಲ್ಲಿ ಕೀಲು ತುಂಬಿ ಎದ್ದು ಕೂರುವ ಬಾಳಿನಿಂದ, ಬಿದ್ದರೆ ಮಾತ್ರ ಅಂಜಬೇಕಾದ ಬಾಳಿಗೆ ದಾಟಿದಂತೆ. ದೇಹದ ಪರೀಕ್ಷೆಯಲ್ಲಿ ತೇರ್ಗಡೆಗೆ ಬೇಕಾದ ಅಂಕ ಇಷ್ಟು ಕಡಮೆಯೆಂಬುದೇ ಈ ವಿದ್ಯೆಯ ದೊಡ್ಡ ಆಸರೆ. ಮಟ್ಟವಲ್ಲ, ಬಾಳಿಕೆಯೇ ಅಲ್ಲಿ ಸೋತದ್ದು. ನೆಟ್ಟ ಕೋಶಗಳು ಸಾಯುತ್ತವೆ, ಇಲ್ಲವೆ ಬದುಕಿದ್ದೂ ಸೇರಿಸಿದ ವಂಶವಾಹಿಯನ್ನು ಮೌನವಾಗಿಸುತ್ತವೆ. ಆ ಪ್ರಯೋಗ ಔಷಧವಾಗಿ ಅಂಗಡಿಗೆ ಬರಲಿಲ್ಲ.

ಹಾಗಾದರೆ ಸಾಯದ ಕೋಶ ಚರ್ಮದಲ್ಲಿಲ್ಲವೇ? ಉಂಟು. ಹೊರಚರ್ಮದ ತಳದ ಪದರದಲ್ಲಿ ಮೂಲಕೋಶಗಳಿವೆ. ಮೇಲಿನ ಪದರ ತಿಂಗಳೊಪ್ಪತ್ತಿನಲ್ಲಿ ಉದುರಿ ಹೋದರೂ ಇವು ಬಾಳಿನುದ್ದಕ್ಕೂ ಹೊಸತನ್ನು ಹೆರುತ್ತಿರುತ್ತವೆ. ೧೯೭೫ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಈ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಬಗೆಯನ್ನು ಕಂಡುಹಿಡಿದರು; ೧೯೮೩ರಲ್ಲಿ ಮೈಯ ಬಹುಭಾಗ ಸುಟ್ಟುಹೋಗಿದ್ದ ಇಬ್ಬರು ಬಾಲಕರನ್ನು ಹೀಗೆ ಬೆಳೆಸಿದ ಅವರದೇ ಚರ್ಮ ಬದುಕಿಸಿತು. ಒಂಬತ್ತನೆಯ ಅಂಶದ ವಂಶವಾಹಿಯನ್ನು ೧೯೮೨ರಲ್ಲಿ ಬೇರ್ಪಡಿಸಿದವರಲ್ಲಿ ಒಬ್ಬರಾದ ಆಕ್ಸ್‌ಫರ್ಡಿನ ಜಾರ್ಜ್ ಬ್ರೌನ್‌ಲೀಯವರು ೧೯೯೩ರಲ್ಲಿ ಫಿಯೋನಾ ವಾಟ್ ಮೊದಲಾದವರೊಡನೆ ಆ ವಂಶವಾಹಿಯನ್ನು ಮನುಷ್ಯರ ಹೊರಚರ್ಮದ ಕೋಶಗಳಿಗೆ ಸೇರಿಸಿ ಇಲಿಗಳ ಮೈಗೆ ಕಸಿಮಾಡಿದರು. ಇಲಿಯ ರಕ್ತದಲ್ಲಿ ಮನುಷ್ಯನ ಒಂಬತ್ತನೆಯ ಅಂಶ ಕಂಡಿತು. ಕೊಂಚವೇ, ಕೆಲವೇ ದಿನ. ಕಂಡಿತೆಂಬುದೇ ಮುಖ್ಯ. ೨೦೦೦ದಲ್ಲಿ ಪೆನ್ಸಿಲ್ವೇನಿಯದವರು ಇನ್ನೂ ಮುಂದೆ ಹೋಗಿ, ಹೊರಚರ್ಮದಲ್ಲಿ ಎಂಟನೆಯ ಅಂಶ ತಯಾರಾಗುವಂತೆ ಮಾಡಿ ಹಿಮೋಫಿಲಿಯವಿದ್ದ ಇಲಿಗಳ ರಕ್ತಸ್ರಾವದ ದೋಷವನ್ನು ಸರಿಪಡಿಸಿದರು. ಕವಚ ಮೈಯ ಹೊರಗಡೆ, ಗಾಯವೆಲ್ಲ ಒಳಗಡೆ, ಆದರೂ ಕಾಪಾಡಿತು!

ಆಮೇಲೆ ಬೇರೊಂದು ರೋಗದ ದಾರಿಯಲ್ಲಿ ದೊಡ್ಡ ಸುದ್ದಿ ಬಂತು. ಮುಟ್ಟಿದಲ್ಲಿ ಚರ್ಮ ಗುಳ್ಳೆಯೆದ್ದು ಸುಲಿದುಬರುವ ಆನುವಂಶಿಕ ವ್ಯಾಧಿಯಿಂದ ಮೈಯ ಬಹುಭಾಗ ಕಳೆದುಕೊಂಡಿದ್ದ, ಸಿರಿಯದಿಂದ ವಲಸೆ ಬಂದ ಏಳು ವರ್ಷದ ಬಾಲಕನಿಗೆ ೨೦೧೫ರಲ್ಲಿ ಜರ್ಮನಿಯ ಬೋಖುಮ್ ನಗರದಲ್ಲಿ, ಇಟಲಿಯ ಮೊದೆನಾದಲ್ಲಿ ಮಿಕೆಲೆ ದೆ ಲೂಕಾ ಅವರ ಬಳಗ ತಿದ್ದಿ ಬೆಳೆಸಿಕೊಟ್ಟ ಹೊಸ ಚರ್ಮವನ್ನು ಹೊದಿಸಿದರು. ನಾಲ್ಕು ಚದರ ಸೆಂಟಿಮೀಟರಿನ ತುಂಡಿನಿಂದ ಮೈಯ ಶೇಕಡ ಎಂಬತ್ತರಷ್ಟು ಭಾಗಕ್ಕೆ ಬೇಕಾದ ಹೊದಿಕೆ! ವರ್ಷಗಳು ಕಳೆದರೂ ಆ ಚರ್ಮ ಅವನದಾಗಿಯೇ ಉಳಿದಿದೆ. ತಿದ್ದಿದ ಮೂಲಕೋಶ ಬಾಳುತ್ತದೆ, ವಂಶವಾಹಿ ಮೌನವಾಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಷ್ಟಾದರೂ ಆ ಹುಡುಗನ ತುಣುಕಿನಲ್ಲಿದ್ದ ‘ಪರಿಹಾರ ದೊರೆಯಿತು’ ಎಂಬ ಮಾತು ಸುಳ್ಳು. ಚರ್ಮದ ಮೂಲಕ ಹಿಮೋಫಿಲಿಯಕ್ಕೆ ಮಾಡುವ ಜೀನ್ ಚಿಕಿತ್ಸೆಗೆ ಇಂದಿನವರೆಗೆ ಯಾವ ದೇಶದಲ್ಲಿಯೂ ಅನುಮತಿ ದೊರೆತಿಲ್ಲ. ತೊಡಕುಗಳು ಸಣ್ಣವೂ ಅಲ್ಲ. ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ; ಅಲ್ಲಿ ತಯಾರಾದ ಪ್ರೋಟೀನು ಕೆಳಗಿನ ಪೊರೆಯನ್ನು ದಾಟಿ ಒಳಚರ್ಮದ ನಾಳಗಳನ್ನು ಸೇರಬೇಕು. ಎಂಟನೆಯ ಅಂಶ ಭಾರಿ ಗಾತ್ರದ್ದು, ಕೋಶಗಳು ಅದನ್ನು ಜಿಪುಣತನದಿಂದ ತಯಾರಿಸುತ್ತವೆ. ಒಂಬತ್ತನೆಯದು ಚಿಕ್ಕದಾದರೂ ಪೊರೆಯಲ್ಲಿರುವ ಒಂದು ಬಗೆಯ ಕೊಲ್ಲಜನ್ನಿಗೆ ಅಂಟಿಕೊಳ್ಳುವ ಸ್ವಭಾವದ್ದು. ಇನ್ನೂ ಒಂದುಂಟು. ಚರ್ಮವು ನಾಡಿನ ಗಡಿ. ಗಡಿಯಲ್ಲಿ ಕಾವಲು ಹೆಚ್ಚು. ೧೮೬೮ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ವೈದ್ಯವಿದ್ಯಾರ್ಥಿ ಹೊರಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಕಂಡು ನರಕೋಶಗಳೆಂದು ತಿಳಿದ. ಅವು ಪರಕೀಯರನ್ನು ಹಿಡಿದು ದೇಹಕ್ಕೆ ದೂರು ಕೊಡುವ ಕಾವಲುಗಾರರೆಂಬುದು ಗೊತ್ತಾದದ್ದು ನೂರು ವರ್ಷಗಳ ಮೇಲೆ. ಹುಟ್ಟಿನಿಂದ ಎಂಟನೆಯ ಅಂಶವನ್ನೇ ಕಾಣದ ಮೈಗೆ ಅದು ಪರಕೀಯವೇ. ಚುಚ್ಚುಮದ್ದಿನಲ್ಲಿ ಕೊಟ್ಟಾಗಲೂ ತೀವ್ರ ವ್ಯಾಧಿಯುಳ್ಳ ಸುಮಾರು ನಾಲ್ಕರಲ್ಲೊಬ್ಬರ ದೇಹ ಅದನ್ನು ಶತ್ರುವೆಂದು ಬಗೆದು ಪ್ರತಿವಿಷ ಕಟ್ಟುತ್ತದೆ. ಚರ್ಮದಿಂದ ಬಂದರೆ ದೇಹ ಹೇಗೆ ಸ್ವಾಗತಿಸೀತೆಂಬುದನ್ನು ಮನುಷ್ಯರಲ್ಲಿ ನೋಡಿಯೇ ತಿಳಿಯಬೇಕು.

ಯಕೃತ್ತಿನ ದಾರಿ ಈ ನಡುವೆ ಬಹುದೂರ ಸಾಗಿದೆ. ನಿರಪಾಯಕಾರಿಯಾದ ಒಂದು ಸಣ್ಣ ವೈರಸ್ಸಿನಲ್ಲಿ ಒಂಬತ್ತನೆಯ ಅಂಶದ ವಂಶವಾಹಿಯನ್ನಿಟ್ಟು ರಕ್ತನಾಳಕ್ಕೆ ಹರಿಸುವ ಚಿಕಿತ್ಸೆಯ ಮೊದಲ ಯಶಸ್ಸು ಲಂಡನ್ನಿನಿಂದ ೨೦೧೧ರಲ್ಲಿ ವರದಿಯಾಯಿತು. ೨೦೨೨ರಲ್ಲಿ ಅಮೆರಿಕ ಹೆಮ್‌ಜೆನಿಕ್ಸ್ ಎಂಬ ಔಷಧಕ್ಕೆ ಅನುಮತಿಯಿತ್ತಿತು. ಒಂದೇ ಸಲದ ಮದ್ದು; ಬೆಲೆ ಮೂವತ್ತೈದು ಲಕ್ಷ ಡಾಲರು, ನಮ್ಮ ಲೆಕ್ಕದಲ್ಲಿ ಇಪ್ಪತ್ತೆಂಟು ಕೋಟಿ ರೂಪಾಯಿಗೂ ಮಿಗಿಲು. ಫೈಜರ್ ಕಂಪೆನಿಯ ಇಂಥದೇ ಔಷಧಕ್ಕೆ ೨೦೨೪ರಲ್ಲಿ ಅನುಮತಿ ದೊರೆತು, ಕೊಳ್ಳುವವರಿಲ್ಲವೆಂದು ೨೦೨೫ರಲ್ಲಿ ಕಂಪೆನಿಯೇ ಕೈಬಿಟ್ಟಿತು. ಆ ವೈರಸ್ಸಿಗೆ ಮೊದಲೇ ಪ್ರತಿವಿಷ ಇದ್ದವರಲ್ಲಿ ಹಲವರಿಗೆ ಈ ಚಿಕಿತ್ಸೆ ನಡೆಯದು; ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡಲಾಗದು; ಯಕೃತ್ತು ಬೆಳೆಯುತ್ತಿರುವ ಮಕ್ಕಳಿಗೆ ಸಲ್ಲದು. ಕೀಲು ಕೆಡುವುದು ಎಳವೆಯಲ್ಲಿ, ಮದ್ದು ಸಿಗುವುದು ವಯಸ್ಸಿಗೆ ಬಂದ ಮೇಲೆ!

ಇಲ್ಲಿಯೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಚರ್ಮದ ದಾರಿ ಸೋತಿತೆಂದು ಅದನ್ನು ಬಿಟ್ಟುಬಿಟ್ಟದ್ದು ತಪ್ಪು. ಗೆದ್ದಿತೆಂದು ಡಂಗುರ ಸಾರುವುದು ಅದಕ್ಕಿಂತ ದೊಡ್ಡ ತಪ್ಪು. ಅದನ್ನು ಬಿಡಬಾರದೆನ್ನಲು ನನಗೆ ತೋರುವ ಮುಖ್ಯ ಕಾರಣ ವಿಜ್ಞಾನದ್ದಲ್ಲ, ನ್ಯಾಯದ್ದು. ಹಿಂದೆಗೆಯಲಾಗದ ಚಿಕಿತ್ಸೆಗೆ ಒಪ್ಪಿಗೆ ಕೊಡುವುದೆಂದರೆ, ನಾಳಿನ ತನ್ನನ್ನು ಇಂದಿನ ತಾನು ಕಟ್ಟಿಹಾಕುವುದು. ವಯಸ್ಕರು ಯೋಚಿಸಿ ಹಾಗೆ ಮಾಡಬಹುದು. ಐದು ವರ್ಷದ ಮಗುವಿನ ಪರವಾಗಿ ತಂದೆತಾಯಿ ಹೇಗೆ ಮಾಡಿಯಾರು? ತೊಡೆಯ ಮೇಲಿನ ಅಂಗೈಯಗಲದ ಚರ್ಮವಾದರೆ ಅದು ಕಣ್ಣೆದುರಿಗಿರುತ್ತದೆ. ಕೆಂಪಾದರೆ ತಾಯಿಗೇ ಕಾಣುತ್ತದೆ. ಬೇಡವೆಂದರೆ ತೆಗೆದುಹಾಕಬಹುದು, ಸಾಲದೆಂದರೆ ಇನ್ನೊಂದಂಗೈ ಸೇರಿಸಬಹುದು. ೧೯೯೯ರಲ್ಲಿ ಅಮೆರಿಕದಲ್ಲಿ ಜೆಸಿ ಗೆಲ್ಸಿಂಗರ್ ಎಂಬ ಹದಿನೆಂಟರ ತರುಣ ಬೇರೊಂದು ಆನುವಂಶಿಕ ವ್ಯಾಧಿಯ ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ತಾನಾಗಿ ಮುಂದೆ ಬಂದು, ಯಕೃತ್ತಿಗೆ ಹರಿಸಿದ ವೈರಸ್ಸಿನಿಂದ ನಾಲ್ಕು ದಿನಗಳಲ್ಲಿ ಪ್ರಾಣ ಬಿಟ್ಟ. ಒಳಗೆ ಹೋದದ್ದನ್ನು ಹೊರಗೆ ತೆಗೆಯುವ ಬಗೆ ಯಾರ ಕೈಯಲ್ಲಿಯೂ ಇರಲಿಲ್ಲ. ಇಂದಿನ ವೈರಸ್ಸು ಬೇರೆ, ಎಚ್ಚರವೂ ಹೆಚ್ಚು, ನಿಜ. ಆದರೂ ಹಿಂದಿರುಗುವ ದಾರಿಯಿರುವ ಮದ್ದಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ.

ಚರ್ಮದ ಚಿಕಿತ್ಸೆ ಅಗ್ಗವೆಂದು ವಾದಿಸಬೇಕೆಂದಿದ್ದೆ. ಹಾಗೆಂದು ಬರೆದೂ ಇದ್ದೆ. ಹೊಡೆದುಹಾಕಬೇಕಾಯಿತು. ಗುಳ್ಳೆಯೇಳುವ ಆ ಚರ್ಮವ್ಯಾಧಿಗಾಗಿಯೇ ತಿದ್ದಿ ಬೆಳೆಸಿದ ಚರ್ಮದ ಹಾಳೆಗಳಿಗೆ ೨೦೨೫ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅವುಗಳ ಬೆಲೆಯೂ ಮೂವತ್ತು ಲಕ್ಷ ಡಾಲರಿಗೆ ಮೇಲೆಯೇ. ಆದ್ದರಿಂದ ಅಗ್ಗವೋ ತುಟ್ಟಿಯೋ ಎಂಬುದು ಅಂಗದಲ್ಲಿಲ್ಲ, ಯಾರು ಯಾರಿಗಾಗಿ ಮಾಡುತ್ತಾರೆಂಬುದರಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅಲೋಕ್ ಶ್ರೀವಾಸ್ತವ ಅವರ ಬಳಗ, ತೀವ್ರವಾದ ‘ಎ’ ಬಗೆಯ ಐವರಿಗೆ ಅವರದೇ ರಕ್ತದ ಮೂಲಕೋಶಗಳನ್ನು ತಿದ್ದಿ ಮರಳಿ ಕೊಟ್ಟದ್ದನ್ನು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅನಂತರ ಆ ಐವರಲ್ಲಿ ರಕ್ತಸ್ರಾವ ನಿಂತಿತು. ಅದಕ್ಕಾಗಿ ಮಜ್ಜೆಯನ್ನು ಮೊದಲು ಕಟುವಾದ ಔಷಧಗಳಿಂದ ಬರಿದು ಮಾಡಬೇಕಾಯಿತು, ಸುಲಭದ ಹಾದಿಯಲ್ಲ. ಆದರೆ ರೋಗಿಯ ಕೋಶವನ್ನು ತೆಗೆದು, ತಿದ್ದಿ, ಮರಳಿಸುವ ಕೆಲಸವನ್ನು ನಮ್ಮ ಮಗ್ಗುಲ ರಾಜ್ಯದ ಒಂದು ಆಸ್ಪತ್ರೆ ಮಾಡಬಲ್ಲುದೆಂಬುದು ಅದರಿಂದ ಸ್ಥಾಪಿತವಾಯಿತು. ಮಜ್ಜೆಯನ್ನು ಮುಟ್ಟದೆ ಚರ್ಮದಲ್ಲಿ ಅದನ್ನು ಮಾಡಿ ನೋಡಲು ಸರಕಾರದ ಹಣ ಬರಬೇಕು. ಲಾಭ ಬಾರದ ಕಡೆ ಕಂಪೆನಿ ಬಾರದಿರುವುದು ಅದರ ಧರ್ಮ. ಅಲ್ಲಿಗೆ ಹೋಗುವುದು ಸರಕಾರದ ಧರ್ಮ.

ಇವೆಲ್ಲ ನಾಳಿನ ಮಾತು. ಇಂದು ರಾತ್ರಿ ಮೊಣಕಾಲು ಊದಿದರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಎಂಟನೆಯ ಅಂಶದ ಶೀಸೆ ಇದೆಯೋ ಇಲ್ಲವೋ ಎಂಬುದೇ ಆ ಹುಡುಗನ ಜೀನ್ ಚಿಕಿತ್ಸೆ. ೨೦೧೭ರಿಂದ ಎಮಿಸಿಜುಮಾಬ್ ಎಂಬ, ಎಂಟನೆಯ ಅಂಶದ ಕೆಲಸವನ್ನು ತಾನು ಮಾಡುವ ಮದ್ದೊಂದು ಬಂದಿದೆ. ವಾರಕ್ಕೋ ತಿಂಗಳಿಗೋ ಒಮ್ಮೆ ಚರ್ಮದಡಿಗೆ ಚುಚ್ಚಿದರೆ ಸಾಕು. ಅದೂ ಎಲ್ಲರ ಕೈಗೆ ಎಟುಕಿಲ್ಲ. ೨೦೧೬ರ ಕಾನೂನು ಹಿಮೋಫಿಲಿಯವನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ದಾವಣಗೆರೆಯಲ್ಲಿ, ತಾವೇ ಈ ವ್ಯಾಧಿಯೊಡನೆ ಬಾಳಿದ ವೈದ್ಯ ಸುರೇಶ್ ಹನಗವಾಡಿಯವರು ಕರ್ನಾಟಕ ಹಿಮೋಫಿಲಿಯ ಸೊಸೈಟಿಯ ಮೂಲಕ ಮಾಡಿರುವ ಸೇವೆಯನ್ನು ಬಲ್ಲವರು ಬಲ್ಲರು. ಬಲ್ಲವರ ಸಂಖ್ಯೆ ಮಾತ್ರ ಸಾಲದು. ಹತ್ತು ಸಾಲಿನ ‘ಪರಿಹಾರ ದೊರೆಯಿತು’ ಎಂಬ ಸುದ್ದಿಗೆ ಜಾಗ ಕೊಡುವ ಪತ್ರಿಕೆಗಳು, ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ಕೀಲಿಗೆ ಏನು ಮಾಡಬೇಕೆಂಬುದಕ್ಕೂ ಹತ್ತು ಸಾಲು ಕೊಟ್ಟಿದ್ದರೆ, ಒಂದೆರಡು ಮೊಣಕಾಲುಗಳಾದರೂ ಉಳಿಯುತ್ತಿದ್ದವು.

ಕೊನೆಗೆ ಹುಡುಗನಿಗೆ ಉತ್ತರ ಹೇಳಿದೆ. ಶಾಂಘಾಯಿಯಿಂದ ಹಿಡಿದು ಬಾಸ್ಟನ್ನಿನ ಹತ್ತು ತಿಂಗಳವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವನು ಕೇಳಿ, “ಹತ್ತು ತಿಂಗಳೇ ಸಾರ್?” ಎಂದ. ನಾನು ಅದನ್ನು ನಿರಾಶೆಯೆಂದು ಭಾವಿಸಿ ಸಮಾಧಾನ ಹೇಳಲು ಹೊರಟೆ. ಅವನು ತಡೆದು, “ಒಂದು ಶೈಕ್ಷಣಿಕ ವರ್ಷ ಆಗುತ್ತದೆ” ಎಂದ. ತುಣುಕನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ, ಎಸೆಯಲಿಲ್ಲ.

ತರಗತಿಯನ್ನು ಕೆಳಗಿನ ಅಂತಸ್ತಿಗೆ ಇಳಿಸಬೇಕೆಂದು ಅಂದೇ ಅರ್ಜಿ ಬರೆದುಕೊಟ್ಟೆ. ವೇಳಾಪಟ್ಟಿಯ ತೊಡಕು, ಕೊಠಡಿಯ ಅಭಾವ, ಪೂರ್ವನಿದರ್ಶನವಿಲ್ಲದಿರುವುದು ಇವೆಲ್ಲ ಮುಗಿದು ಅದು ಜಾರಿಗೆ ಬರಲು ಹನ್ನೊಂದು ತಿಂಗಳಾದವು. ಈಗ ನಾವು ಕೆಳಗಿದ್ದೇವೆ. ಮಳೆ ಬಂದರೆ ಹೊಸಿಲಿನವರೆಗೆ ನೀರು ಬರುತ್ತದೆಂದು ಉಳಿದವರು ಗೊಣಗುತ್ತಾರೆ. ಅವನು ಬಾಗಿಲ ಪಕ್ಕದ ಬೆಂಚನ್ನು ಬಿಟ್ಟು ಮೂರನೆಯ ಸಾಲಿನಲ್ಲಿ, ಕಿಟಕಿಯ ಬಳಿ ಕೂರುತ್ತಾನೆ.